ಮೂರನೆಯ ಮೆಟ್ಟಿಲು

ಕನ್ನಡಿಯಲ್ಲಿ ಅವನ ಮುಖದ ಮೇಲೆ ವಿನಯ ಸರಿಯಾಗಿ ಕೂರುತ್ತಿರಲಿಲ್ಲ. ಟೈ ಕೂತಿತ್ತು, ಕೂದಲು ಕೂತಿತ್ತು, ಹೊಸ ಕೋಟಿನ ಭುಜಗಳೂ ಕೂತಿದ್ದವು. ವಿನಯ ಮಾತ್ರ ಒಂದು ಸಲ ರಜೆ ಕೇಳಲು ಬಂದ ಗುಮಾಸ್ತನ ಮುಖವಾಗುತ್ತಿತ್ತು, ಇನ್ನೊಂದು ಸಲ ತುಟಿಯ ಮೂಲೆಯಿಂದ ಸಂತೋಷ ಇಣುಕಿ ಎಲ್ಲವನ್ನೂ ಕೆಡಿಸುತ್ತಿತ್ತು. ಸಂಜೆ ವೇದಿಕೆಯ ಮೇಲೆ ತನ್ನನ್ನು ಕರೆದಾಗ ಮುಖ ಹೇಗಿರಬೇಕೆಂದು ಅವನು ಒಂದು ವಾರದಿಂದ ತಲೆ ಕೆಡಿಸಿಕೊಂಡಿದ್ದ. ಬೇರೆ ಯಾವ ಪ್ರಶಸ್ತಿಯಾದರೂ ಹಲ್ಲು ಕಿರಿದು ತೆಗೆದುಕೊಂಡು ಬರಬಹುದು. ಆದರೆ ಕ್ಯಾನ್ಸರ್ ರೋಗಿಗಳ ಮನಸ್ಸಿನ ಆರೈಕೆಯಲ್ಲಿ ಮಾಡಿದ ಜೀವಮಾನ ಸಾಧನೆಗೆಂದು ಕೊಡುವಾಗ ಹಲ್ಲು ಕಿರಿದರೆ ಸತ್ತವರಿಗೆ ಅವಮಾನ, ಅಳುಮೋರೆ ಹಾಕಿದರೆ ಬದುಕಿದವರಿಗೆ ಅಪಶಕುನ. ಕೊನೆಗೆ ತನಗೆ ಯಾವಾಗಲೂ ಕೈಹಿಡಿದ ಉಪಾಯವನ್ನೇ ಮಾಡಿದ: ತಲೆಯನ್ನು ಬಲಕ್ಕೆ ಸ್ವಲ್ಪ ವಾಲಿಸಿದ. ತಕ್ಷಣ ಕನ್ನಡಿಯೊಳಗಿನವನು ಮಹಾನುಭಾವನಾಗಿಬಿಟ್ಟ. ಆ ವಾಲಿದ ತಲೆ, ಇಳಿಸಿದ ದನಿ, ಜೊತೆಗೆ 'ಹಾಗನ್ನಿಸೋದು ಸಹಜ' ಎಂಬ ಎರಡು ಪದ, ಇಷ್ಟರಲ್ಲೇ ಅವನ ಇಡೀ ವೃತ್ತಿ ನಡೆದುಬಂದಿತ್ತು ಎಂದು ಅವನ ಹೆಂಡತಿ ಒಮ್ಮೆ ಜಗಳದಲ್ಲಿ ಹೇಳಿದ್ದಳು. 'ನನ್ನ ಹತ್ರ ತಲೆ ವಾಲಿಸ್ಬೇಡಿ, ನನಗೇನೂ ಕ್ಯಾನ್ಸರ್ ಬಂದಿಲ್ಲ' ಎಂದಿದ್ದಳು. ಈಗ ಅವಳು ಬ್ಯಾಂಕಿನ ತಪಾಸಣೆಗೆಂದು ಬೇರೆ ಊರಿಗೆ ಹೋಗಿದ್ದಳು. ಸಮಾರಂಭವನ್ನು ಫೋನಿನಲ್ಲೇ ನೋಡುತ್ತೇನೆಂದು ಹೇಳಿದ್ದಳು. ಬರದಿದ್ದದ್ದೇ ಒಳ್ಳೆಯದಾಯಿತು ಎಂದು ಅನ್ನಿಸಿ, ಹಾಗೆ ಅನ್ನಿಸಿದ್ದಕ್ಕೆ ಅವನಿಗೆ ನಾಚಿಕೆಯಾಯಿತು. ನಾಚಿಕೆಯಾದಾಗಲೂ ತಲೆ ಬಲಕ್ಕೇ ವಾಲಿತು.

ಕೆಳಗೆ ಅಕ್ಕ ಆಗಲೇ ಚಪ್ಪಲಿ ಮೆಟ್ಟಿ ಬಾಗಿಲ ಹತ್ತಿರ ನಿಂತಿದ್ದಳು. ಹೊರಡುವ ಹೊತ್ತಿಗೆ ಮುಂಚೆಯೇ ಸಿದ್ಧವಾಗಿ ನಿಂತು ಉಳಿದವರನ್ನು ತಪ್ಪಿತಸ್ಥರನ್ನಾಗಿ ಮಾಡುವುದು ಅವಳ ಹಳೆಯ ಚಾಳಿ. ಹೆಣ್ಣುಮಕ್ಕಳ ಶಾಲೆಯಲ್ಲಿ ಡ್ರಿಲ್ ಮೇಡಂ ಆಗಿದ್ದು ನಿವೃತ್ತಳಾದವಳು. ಸೀಟಿ ಊದಿದರೆ ಮೈದಾನದ ಕಾಗೆಗಳೂ ಸಾಲಾಗಿ ಕೂರುತ್ತಿದ್ದವು ಎಂದು ಅವಳ ಹಳೆಯ ವಿದ್ಯಾರ್ಥಿನಿಯರು ಈಗಲೂ ನಗುತ್ತಾರೆ. ಹೊಟ್ಟೆಯ ಗಂಟು ಪತ್ತೆಯಾದ ಮೇಲೆ ತನ್ನ ಬಾಡಿಗೆ ಮನೆಗೆ ಬೀಗ ಹಾಕಿ ತಮ್ಮನ ಮನೆಗೆ ಬಂದಿದ್ದಳು. ಕೂದಲು ಉದುರಿದ ತಲೆಗೆ ನೀಲಿ ಉಲ್ಲನ್ನಿನ ಟೋಪಿ ಹಾಕಿಕೊಂಡು, ತೆಳ್ಳಗಾದ ಕತ್ತನ್ನು ಕವಾಯತಿನಲ್ಲಿ ನಿಂತಂತೆ ನೆಟ್ಟಗೆ ಇಟ್ಟುಕೊಂಡಿದ್ದಳು. ಆ ದಿನ ಅವಳಿಗೆ ಬರೀ ರಕ್ತಪರೀಕ್ಷೆ ಮತ್ತು ಡಾಕ್ಟರ ಭೇಟಿ; ಸಂಜೆಯವರೆಗೆ ಆಸ್ಪತ್ರೆಯಲ್ಲೇ ತಮ್ಮನ ಕೋಣೆಯಲ್ಲಿ ಮಲಗಿದ್ದು, ಸಮಾರಂಭ ನೋಡಿಕೊಂಡೇ ಮನೆಗೆ ಬರುವುದೆಂದು ತೀರ್ಮಾನವಾಗಿತ್ತು. ಕಾರು ಮುಖ್ಯರಸ್ತೆಗೆ ಬಂದಾಗ ಅವನು ದಿನವೂ ಕೇಳುವುದನ್ನು ಕೇಳಿದ.

"ಇವತ್ತು ಎಷ್ಟಕ್ಕಾ?"

"ಮೂರು ಕಣೋ," ಎಂದಳು ಅಕ್ಕ, ಕಿಟಕಿಯ ಹೊರಗೆ ನೋಡುತ್ತ.

ಅವನ ಎದೆ ಹಗುರಾಯಿತು. ಅಕ್ಕ ಮೂರರಲ್ಲಿದ್ದಾಳೆ ಎಂಬ ಒಂದೇ ಸಂಗತಿಯ ಮೇಲೆ ಇತ್ತೀಚೆಗೆ ಅವನ ನಿದ್ದೆ, ಊಟ, ಸಂಜೆಯ ವಾಕಿಂಗ್ ಎಲ್ಲವೂ ನಿಂತಿದ್ದವು. ತಾಯಿ ಬೇಗ ಹೋಗಿ, ತಂದೆ ಇದ್ದೂ ಇಲ್ಲದಂತಾಗಿದ್ದ ಮನೆಯಲ್ಲಿ ಅವನನ್ನು ಸಾಕಿದವಳು ಅಕ್ಕ. ಅವಳೇ ನಾಲ್ಕೋ ಐದೋ ಎಂದುಬಿಟ್ಟರೆ ತಾನು ಏನು ಮಾಡಬೇಕೆಂಬುದು, ಇಷ್ಟು ಜನಕ್ಕೆ ಧೈರ್ಯ ಹೇಳಿದ ಅವನಿಗೆ, ಗೊತ್ತಿರಲಿಲ್ಲ. ಅವನಿಗೆ ಸೈಕಲ್ ಕಲಿಸಿದ್ದೂ ಅವಳೇ. ಕ್ಯಾರಿಯರ್ ಹಿಡಿದು ಓಡುತ್ತ ಬಂದು ಯಾವಾಗ ಕೈಬಿಟ್ಟಳೋ, ಅವನು ಜಲ್ಲಿಯ ಮೇಲೆ ಬಿದ್ದು ಮಂಡಿ ಕಿತ್ತುಹೋಗಿತ್ತು. ಏನೂ ಆಗಿಲ್ಲ ಎಂದು ಎದ್ದು ನಿಂತ ಅವನ ಬೆನ್ನಿಗೆ ಒಂದು ಬಿಟ್ಟಿದ್ದಳು. 'ಏನೂ ಆಗದೆ ರಕ್ತ ಬರತ್ತೇನೋ? ನೋವಾಗಿದ್ರೆ ನೋವಾಗಿದೆ ಅನ್ನು. ಅಂದ್ರೆ ತಾನೇ ನಾನು ಊದೋದು?' ಎಂದು ಬೈದು, ರಸ್ತೆಯ ಮಧ್ಯೆಯೇ ಕೂತು ಮಂಡಿಯನ್ನು ಊದಿದ್ದಳು. ಆ ತಣ್ಣನೆಯ ಉಸಿರು ಈಗಲೂ ಮಂಡಿಗೆ ನೆನಪಿದೆ. ಹಿಂದಿನ ಗಾಡಿಯವನು ಹಾರನ್ ಬಾರಿಸಿದ. ದೀಪ ಹಸಿರಾಗಿತ್ತು. ಅವನು ಭಾಷಣದ ಎರಡನೆಯ ಪ್ಯಾರಾವನ್ನು ಮನಸ್ಸಿನಲ್ಲೇ ತಿದ್ದುತ್ತ ಮುಂದೆ ಹೋದ.

ಭಾಷಣವೆಲ್ಲ ಏಣಿಯ ಬಗ್ಗೆ. ಆಸ್ಪತ್ರೆಗೆ ಅವನು ಕೊಟ್ಟ ಕೊಡುಗೆ ಒಂದು ಏಣಿ. ಕಾಯುವ ಹಾಲಿನ ಗೋಡೆಗೆ ತೂಗುಹಾಕಿದ ಮರದ ಹಲಗೆ, ಅದರ ಮೇಲೆ ಹಳದಿ ಬಣ್ಣದ ಹತ್ತು ಮೆಟ್ಟಿಲು. ನೆಲ ಎಂದರೆ ಸೊನ್ನೆ, ಮನಸ್ಸು ನಿರಾಳ; ತುತ್ತತುದಿ ಎಂದರೆ ಹತ್ತು, ತಡೆಯಲಾರದ ಸಂಕಟ. ಡಾಕ್ಟರನ್ನು ನೋಡುವ ಮುಂಚೆ ಪ್ರತಿಯೊಬ್ಬರೂ ಏಣಿಯ ಮುಂದೆ ನಿಂತು, ಮನಸ್ಸು ಇವತ್ತು ಎಷ್ಟನೆಯ ಮೆಟ್ಟಿಲಲ್ಲಿದೆ ಎಂದು ಬೆರಳಿಟ್ಟು ತೋರಿಸಬೇಕು. ನಾಲ್ಕು ಅಥವಾ ಅದಕ್ಕಿಂತ ಮೇಲೆ ಇಟ್ಟವರನ್ನು ಅವನ ಕೋಣೆಗೆ ಕಳಿಸುತ್ತಾರೆ. ಸೊನ್ನೆ, ಒಂದು ಎಂದವರನ್ನೂ ಬಿಡುವುದಿಲ್ಲ. ಕ್ಯಾನ್ಸರ್ ಬಂದವರು ಸೊನ್ನೆ ಎಂದರೆ ದುಃಖವನ್ನು ಒಳಗೇ ಅದುಮಿಟ್ಟಿದ್ದಾರೆಂದು ಅವನೇ ಪ್ರಬಂಧ ಬರೆದು ಸಾಬೀತು ಮಾಡಿದ್ದ. ಮೊದಲ ದಿನಗಳಲ್ಲಿ ಗಾರೆ ಕೆಲಸದವನೊಬ್ಬ ಏಣಿಯನ್ನು ಬಹಳ ಹೊತ್ತು ನೋಡಿ, ಮೇಲೆ ಹತ್ತಿದರೆ ತಾನೇ ಕೆಲಸ, ಕೆಳಗೆ ನಿಂತವನಿಗೆ ಕೂಲಿ ಯಾರು ಕೊಡ್ತಾರೆ, ಇವರ ಏಣಿ ತಲೆಕೆಳಗಾಗಿದೆ ಎಂದಿದ್ದ. ಎಲ್ಲರೂ ನಕ್ಕಿದ್ದರು. ಅವನೂ ನಕ್ಕಿದ್ದ, ಆದರೆ ಸಂಜೆಯವರೆಗೂ ಅದು ಹಲ್ಲಿನ ಸಂದಿಯಲ್ಲಿ ಸಿಕ್ಕ ನಾರಿನಂತೆ ಬಾಧಿಸಿತ್ತು. ಆಗೆಲ್ಲ ಬೆರಳುಗಳು ಏಳು, ಎಂಟು, ಒಂಬತ್ತರ ಮೇಲೆ ಬೀಳುತ್ತಿದ್ದವು. ಅವನ ಕೋಣೆಯ ಮುಂದೆ ಸಾಲು. ಆಮೇಲೆ ಮೆಲ್ಲಮೆಲ್ಲಗೆ ಬೆರಳುಗಳು ಇಳಿದುಬಂದವು. ಈಗಂತೂ ಇಡೀ ಆಸ್ಪತ್ರೆಯೇ ಮೂರರಲ್ಲಿ ಬಂದು ನಿಂತಿತ್ತು. ಆ ಇಳಿಜಾರಿನ ಚಿತ್ರವನ್ನು ಅವನು ಪರದೆಯ ಮೇಲೆ ತೋರಿಸಿದಲ್ಲೆಲ್ಲ ಜನ ಮೆಚ್ಚಿ ತಲೆದೂಗುತ್ತಿದ್ದರು. ಮೂರನೆಯ ಮೆಟ್ಟಿಲ ಬಣ್ಣ ಬೆರಳು ತಾಗಿ ತಾಗಿ ಸವೆದು ಮರ ಕಾಣುತ್ತಿತ್ತು. ಬಂದ ಅತಿಥಿಗಳಿಗೆ ಅವನು ಅದನ್ನು ಹೆಮ್ಮೆಯಿಂದ ತೋರಿಸುತ್ತಿದ್ದ.

ಅಂದು ಬೆಳಿಗ್ಗೆ ಏಣಿ ಹೊಸ ಮದುವಣಿಗನಂತೆ ಮಿರಿಮಿರಿ ಮಿಂಚುತ್ತಿತ್ತು. ಪ್ರಶಸ್ತಿ ಕೊಡುವವರು ಬಣ್ಣದ ಕಂಪನಿಯವರಾದ್ದರಿಂದ, ಚಿತ್ರೀಕರಣ ಇದೆಯೆಂದು ಅವರೇ ಆಳು ಕಳಿಸಿ ನಸುಕಿನಲ್ಲೇ ಹಳದಿ ಬಳಿಸಿದ್ದರು. ಒಣಗಿರಲಿಲ್ಲ. ಬೆರಳಿಟ್ಟವರ ಬೆರಳಿಗೆಲ್ಲ ಬಣ್ಣ ಹತ್ತುತ್ತಿತ್ತು. ಹೆಡ್ ಸಿಸ್ಟರ್ ಹತ್ತಿಯ ಉಂಡೆ ಇಟ್ಟುಕೊಂಡು ಒಬ್ಬೊಬ್ಬರ ಬೆರಳನ್ನೂ ಒರೆಸಿ ಕಳಿಸುತ್ತಿದ್ದರು. ಅವನ ಕೋಣೆಯನ್ನು ವಿಡಿಯೋದವರು ಹಿಡಿದುಕೊಂಡಿದ್ದರು. ಕುರ್ಚಿಯ ಜಾಗ ಬದಲಾಗಿತ್ತು, ಮೇಜಿನ ಮೇಲೆ ಅವನು ಎಂದೂ ಓದದ ಪುಸ್ತಕಗಳ ರಾಶಿ ಬಂದಿತ್ತು, ಕಣ್ಣೊರೆಸುವ ಕಾಗದದ ಡಬ್ಬಿಯನ್ನು ಬೆಳಕಿಗೆ ಅಡ್ಡ ಬರುತ್ತದೆಂದು ಕಸದಬುಟ್ಟಿಯ ಮೇಲೆ ಇಟ್ಟಿದ್ದರು. ಸ್ವಲ್ಪ ಹೊತ್ತು ಹೊರಗಿರಿ ಸರ್, ನಿಮ್ಮ ನೆರಳು ಬೀಳ್ತಿದೆ ಎಂದರು. ತನ್ನ ಕೋಣೆಯಿಂದಲೇ ತನ್ನ ನೆರಳನ್ನು ಹೊರಹಾಕಿಸಿಕೊಂಡು ಅವನು ನೀರಿನ ಫಿಲ್ಟರ್ ಇದ್ದ ಮೂಲೆಗೆ ಬಂದು ನಿಂತ. ಆ ಮೂಲೆಗೂ ಕಾಯುವ ಹಾಲಿಗೂ ನಡುವೆ ಒಂದು ಪ್ಲೈವುಡ್ಡಿನ ಅಡ್ಡಗೋಡೆ ಮಾತ್ರ. ಲೋಟಕ್ಕೆ ನೀರು ಬಿಡುತ್ತಿದ್ದಾಗ ಅಕ್ಕನ ದನಿ ಕೇಳಿತು. ಮನೆಯಲ್ಲಿ ಈಚೆಗೆ ಆಡುತ್ತಿದ್ದ ಸೋತ ದನಿಯಲ್ಲ, ಮೈದಾನದ ದನಿ.

"ಎಷ್ಟು ಅಂತ ಕೇಳ್ತಾರೆ. ಮೂರು ಅನ್ನಿ."

"ಆದ್ರೆ ಅಮ್ಮಾ, ನನಗೆ ನಿದ್ದೆನೇ ಹತ್ತಲ್ಲ," ಎಂದಿತು ಒಂದು ಒರಟು ಗಂಟಲು. "ಅಂಗಡೀಲಿ ಕತ್ರಿ ಹಿಡಿದ್ರೆ ಕೈ ನಡುಗತ್ತೆ. ಒಂದು ಪ್ಯಾಂಟು ಹಾಳು ಮಾಡಿದೆ ಮೊನ್ನೆ."

ಹೊಸಬ, ಟೈಲರ್ ಇರಬೇಕು. ಪ್ಲೈವುಡ್ಡಿನ ಸಂದಿಯಿಂದ ಅವನ ಕತ್ತಿಗೆ ಸುತ್ತಿದ ಮಫ್ಲರ್ ಕಾಣುತ್ತಿತ್ತು. ಅವನ ಮುಂದೆ ಅಕ್ಕ ಕಾಲ ಮೇಲೆ ಕಾಲು ಹಾಕಿ ಕೂತಿದ್ದಳು. ಸುತ್ತ ಏಳೆಂಟು ಜನ ಕುರ್ಚಿ ಎಳೆದುಕೊಂಡು ಬಂದು ಸೇರಿದ್ದರು. ಸಿಸ್ಟರ್ ಒರೆಸಿದ್ದರೂ ಅವರೆಲ್ಲರ ಬಲಗೈ ತೋರುಬೆರಳು ಹಳದಿ.

"ಇಲ್ಲಿ ಯಾರಿಗಪ್ಪಾ ನಿದ್ದೆ ಬರತ್ತೆ?" ಎಂದಳು ಅಕ್ಕ. "ನಿಜ ಹೇಳೋದಿದ್ರೆ ನಮ್ಮ ಹತ್ರ ಹೇಳಿ, ಏಣಿಗೆ ಮೂರು ಹೇಳಿ. ನಾಲ್ಕು ಅಂದ್ರೋ, ಒಳಗೆ ಕರ್ಕೊಂಡು ಹೋಗಿ ಗಂಟೆಗಟ್ಟಲೆ ಕೂರಿಸ್ತಾರೆ. ಅಷ್ಟೊತ್ತಿಗೆ ರಕ್ತ ಕೊಡೋ ಸಾಲು ಮುಗಿಯತ್ತೆ, ಡಾಕ್ಟ್ರು ಊಟಕ್ಕೆ ಏಳ್ತಾರೆ, ನಿಮ್ಮ ಬಸ್ಸೂ ಹೋಗತ್ತೆ."

"ಹಂಗಾದ್ರೆ ಸೊನ್ನೆ ಅಂದುಬಿಡ್ಲಾ?"

"ಸೊನ್ನೆ ಅಂದ್ರೆ ಇನ್ನೂ ಕಷ್ಟ. ಇವನೇನೋ ಒಳಗೆ ಮುಚ್ಚಿಟ್ಟಿದಾನೆ ಅಂತ ಬಿಡೋದೇ ಇಲ್ಲ. ಎರಡು ಅಂದ್ರೆ ಸಿಸ್ಟರ್ ಮುಖ ನೋಡ್ತಾರೆ, ನಿಜಾನಾ ಅಂತ ಕೇಳ್ತಾರೆ. ಮೂರು ಒಳ್ಳೇದು. ಸ್ವಲ್ಪ ದುಃಖ ಇದೆ, ನಿಭಾಯಿಸ್ತಿದೀನಿ ಅನ್ನೋ ಹಾಗೆ. ಮುಖಾನೂ ಹಾಗೇ ಇಟ್ಕೊಳ್ಳಿ. ಹಾಂ, ಇಷ್ಟೊಂದು ಗೆಲುವು ಬೇಡ."

ಹಾಲಿನಲ್ಲಿ ಸಣ್ಣ ನಗು ಹರಿಯಿತು. ಒಳಗೆ ಕೂರಿಸುವ ಆ ಮನಸ್ಸಿನ ಡಾಕ್ಟರು ಹೇಗೆ ಎಂದು ಟೈಲರ್ ಕೇಳಿದ. ಅಕ್ಕ ಮಾತಿನಲ್ಲಿ ಹೇಳಲಿಲ್ಲ. ನೀಲಿ ಟೋಪಿಯ ತಲೆಯನ್ನು ಬಲಕ್ಕೆ ವಾಲಿಸಿದಳು, ರೆಪ್ಪೆಗಳನ್ನು ಅರ್ಧ ಇಳಿಸಿದಳು, ಕೈಗಳೆರಡನ್ನೂ ಮಡಿಲಲ್ಲಿ ಒಂದರ ಮೇಲೊಂದು ಇಟ್ಟಳು, ಆಮೇಲೆ ದನಿಯನ್ನು ಜೇನಿನಷ್ಟು ಮಂದ ಮಾಡಿ 'ಹಾಗನ್ನಿಸೋದು ಸಹಜ' ಎಂದಳು. ಕೂತವರೆಲ್ಲ ಹೋ ಎಂದರು. ಮೂಗಿಗೆ ನಳಿಕೆ ಹಾಕಿದ್ದವಳೊಬ್ಬಳು ನಗು ತಡೆಯಲಾರದೆ ನಳಿಕೆಯನ್ನು ಹಿಡಿದುಕೊಂಡಳು. ಟೈಲರ್ ಮಫ್ಲರಿನಿಂದ ಕಣ್ಣೊರೆಸಿಕೊಂಡ. ಅಷ್ಟು ವರ್ಷಗಳಲ್ಲಿ ಆ ಹಾಲಿನಲ್ಲಿ ಅಂಥ ನಗುವನ್ನು ಅಡ್ಡಗೋಡೆಯ ಈಚೆ ನಿಂತ ಅವನು ಕೇಳಿರಲಿಲ್ಲ. ಅದನ್ನು ತರಿಸಲೆಂದು ನಗೆಚಿಕಿತ್ಸೆಯ ಶಿಬಿರವನ್ನೇ ಮಾಡಿಸಿ ಎಲ್ಲರನ್ನೂ ಸುಸ್ತು ಮಾಡಿದ್ದ. ಲೋಟ ತುಂಬಿ ನೀರು ಹೊಸ ಕೋಟಿನ ತೋಳಿನೊಳಕ್ಕೆ ಇಳಿಯುತ್ತಿತ್ತು. ನಗು ಇಳಿದ ಮೇಲೆ ಅಕ್ಕ, ಈಗ ಬೇರೆ ದನಿಯಲ್ಲಿ, ಮನುಷ್ಯ ಒಳ್ಳೆಯವನೇ, ಅದಕ್ಕೇ ಅವನಿಗೆ ನಿಜ ಹೇಳಬಾರದು, ಹೇಳಿದರೆ ಪಾಪ ಮನೆಗೆ ಹೋಗಿ ಊಟ ಬಿಡುತ್ತಾನೆ ಎಂದಳು. ಅದು ನಿಮಗೆ ಹೇಗೆ ಗೊತ್ತು ಎಂದು ಯಾರೋ ಕೇಳಿದರು. ಗೊತ್ತು ಬಿಡಿ ಎಂದಳು.

ಹಿಂದಿನಿಂದ ಬಂದ ವಿಡಿಯೋದವನು ಅವನ ಭುಜದ ಮೇಲಿಂದ ಹಾಲಿನೊಳಕ್ಕೆ ಇಣುಕಿ ನೋಡಿ, ಇದೇ ಬೇಕಿತ್ತು ಸರ್, ನಿಮ್ಮ ಪೇಷೆಂಟುಗಳು ಎಷ್ಟು ಖುಷಿಯಾಗಿದ್ದಾರೆ ನೋಡಿ ಎಂದು ಕ್ಯಾಮೆರಾ ಹೊತ್ತು ಓಡಿದ. ಕ್ಯಾಮೆರಾ ಕಂಡದ್ದೇ ಎಲ್ಲರೂ ನಗು ನಿಲ್ಲಿಸಿ, ಸ್ವಲ್ಪ ದುಃಖ ಇದೆ, ನಿಭಾಯಿಸುತ್ತಿದ್ದೇವೆ ಎಂಬ ಮುಖ ಹಾಕಿಕೊಂಡರು. ಅಷ್ಟು ಚೆನ್ನಾಗಿ ಅಭ್ಯಾಸವಾಗಿತ್ತು. ಆ ಮುಖಗಳನ್ನು ಅವನು ಬಲ್ಲ. ಅವುಗಳ ಫೋಟೋ ಹಾಕಿ 'ಒಪ್ಪಿಕೊಂಡ ಮನಸ್ಸು' ಎಂದು ಅಡಿಬರಹ ಕೊಟ್ಟಿದ್ದ. ಟೈಲರನ ಸರದಿ ಬಂತು. ಅವನು ಏಣಿಯ ಮುಂದೆ ನಿಂತ. ಬೆರಳು ಎಂಟರ ಹತ್ತಿರ ಎದ್ದು, ತಪ್ಪು ಗುಂಡಿ ಒತ್ತಲು ಹೋದವನಂತೆ ಗಾಬರಿಯಿಂದ ಇಳಿದು, ನಡುಗುತ್ತಲೇ ಮೂರನ್ನು ಮುಟ್ಟಿತು. ಸಿಸ್ಟರ್ ಬೆರಳನ್ನು ಒರೆಸಿ ಕಳಿಸಿದರು. ಕತ್ತರಿ ಹಿಡಿಯಲಾರದ ಆ ಕೈಯನ್ನು ಅವನು ಅಡ್ಡಗೋಡೆಯ ಸಂದಿಯಿಂದ ಕಣ್ಣಾರೆ ನೋಡಿದ. ಕರೆದು ಕೂರಿಸಬಹುದಾಗಿತ್ತು. ಕೂರಿಸಿ ಏನು ಹೇಳುವುದು ಎಂದು ಯೋಚಿಸಿದ. ನಾಲಿಗೆಯ ತುದಿಗೆ ಬಂದದ್ದು ಆ ಎರಡೇ ಪದ. ಟೈಲರ್ ರಕ್ತ ಕೊಡುವ ಸಾಲಿಗೆ ಹೋಗಿ ನಿಂತುಕೊಂಡ.

ಅವನು ಮೂಲೆಯಿಂದ ಹೊರಗೆ ಬಂದು ಹೆಡ್ ಸಿಸ್ಟರನ್ನು ಪಕ್ಕಕ್ಕೆ ಕರೆದು, ಇವರೆಲ್ಲ ನಿಜ ಹೇಳುತ್ತಾರೆಂದು ನಿಮಗನ್ನಿಸುತ್ತದೆಯೇ ಎಂದು ಕೇಳಿದ. ಸಿಸ್ಟರ್ ಹತ್ತಿಯ ಉಂಡೆಯನ್ನು ತೊಟ್ಟಿಗೆ ಹಾಕುತ್ತ, ಸರ್, ಮೂರು ಅಂದರೆ ಎಲ್ಲರಿಗೂ ಅನುಕೂಲ ಎಂದರು. ಆಮೇಲೆ ತಾವು ಹೇಳಿದ್ದು ಹೆಚ್ಚಾಯಿತೇನೋ ಎಂದು, ಅಭಿನಂದನೆಗಳು ಸರ್ ಎಂದೂ ಸೇರಿಸಿದರು. ಎಲ್ಲರಿಗೂ ಅಂದರೆ ತನ್ನನ್ನೂ ಸೇರಿಸಿ. ಕೋಣೆಯ ಮುಂದೆ ಸಾಲು ಕರಗಿದಾಗ ತಾನು ಒಮ್ಮೆಯಾದರೂ ಅನುಮಾನಪಟ್ಟಿದ್ದನೆ? ಇಲ್ಲ. ಮಧ್ಯಾಹ್ನದ ನಿದ್ದೆಗೆ ಒಂದು ಮಡಿಸುವ ಕುರ್ಚಿ ತರಿಸಿದ್ದ. ಪ್ರಶಸ್ತಿ ಬೇಡ ಎಂದುಬಿಟ್ಟರೆ ಹೇಗೆ ಎಂಬ ಯೋಚನೆ ಬಂತು. ವೇದಿಕೆಯ ಮೇಲೆ ನಿಂತು, ಈ ಏಣಿ ಸುಳ್ಳು, ನನ್ನ ಸಾಧನೆ ಸುಳ್ಳು, ಇಲ್ಲಿನ ಪ್ರತಿಯೊಬ್ಬರೂ ನನ್ನ ಮೇಲಿನ ಕರುಣೆಯಿಂದ ಮೂರು ಎನ್ನುತ್ತಿದ್ದಾರೆ ಎಂದು ಹೇಳುವುದು. ಮನಸ್ಸಿನಲ್ಲೇ ಹೇಳಿ ನೋಡಿದ. ಸಭೆ ಸ್ತಬ್ಧವಾಯಿತು. ಆಮೇಲೆ ಒಬ್ಬರು ಎದ್ದು ನಿಂತು ಚಪ್ಪಾಳೆ ತಟ್ಟಿದರು, ಎಲ್ಲರೂ ಎದ್ದರು, ಎಂಥ ಪ್ರಾಮಾಣಿಕತೆ ಎಂದರು, ಮುಂದಿನ ವರ್ಷ ಪ್ರಾಮಾಣಿಕತೆಗೇ ಒಂದು ಪ್ರಶಸ್ತಿ ಬಂತು. ತನ್ನ ಪಶ್ಚಾತ್ತಾಪ ಕೂಡ ಕೋಟು ಹಾಕಿಕೊಂಡೇ ಬರುತ್ತದಲ್ಲ ಎಂದು ಅವನಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು. ಅವನನ್ನು ಕೊರೆಯುತ್ತಿದ್ದದ್ದು ಪ್ರಶಸ್ತಿಯೂ ಅಲ್ಲ. ಕಾಯುವ ಹಾಲಿನಲ್ಲಿ ಕೂತವರಿಗೆ ಅಕ್ಕ ನಿಜ ಹೇಳಿದ್ದಾಳೆ. ಮೂಗಿಗೆ ನಳಿಕೆ ಹಾಕಿದವಳಿಗೆ ಅವಳು ಎಷ್ಟನೆಯ ಮೆಟ್ಟಿಲಲ್ಲಿದ್ದಾಳೆಂದು ಗೊತ್ತು, ಮುಂದಿನ ವಾರದ ಹೊತ್ತಿಗೆ ಆ ಟೈಲರನಿಗೂ ಗೊತ್ತಾಗುತ್ತದೆ. ಅವಳ ಕೈತುತ್ತು ತಿಂದು ಬೆಳೆದ ತನಗೆ ಮಾತ್ರ ಮೂರು. ಅದನ್ನು ನಂಬಿ ತಾನು ದಿನಾ ಬೆಳಿಗ್ಗೆ ಹಸಿರು ದೀಪಕ್ಕೆ ಕಾರು ಮುಂದೆ ಬಿಟ್ಟಿದ್ದ. ಇವತ್ತು ಕೇಳಲೇಬೇಕು ಎಂದುಕೊಂಡ. ವಿಡಿಯೋದವರು ಕೋಣೆ ಬಿಟ್ಟುಕೊಟ್ಟ ಮೇಲೆ ಒಳಗೆ ಹೋದರೆ, ಅಕ್ಕ ಅವನ ಮಡಿಸುವ ಕುರ್ಚಿಯಲ್ಲೇ ಗೋಡೆಯ ಕಡೆ ತಿರುಗಿ ಮಲಗಿದ್ದಳು. ಎಚ್ಚರವಿದ್ದಳೋ ನಿದ್ದೆಯಲ್ಲಿದ್ದಳೋ ಗೊತ್ತಾಗಲಿಲ್ಲ. ಗೊತ್ತು ಮಾಡಿಕೊಳ್ಳದೆ ಬಾಗಿಲು ಎಳೆದುಕೊಂಡು ಹೊರಗೆ ಬಂದ.

ಸಮಾರಂಭ ನಡೆದದ್ದು ಆಸ್ಪತ್ರೆಯದೇ ಸಭಾಂಗಣದಲ್ಲಿ. ಗೋಡೆಯ ಏಣಿಯನ್ನು ಇಬ್ಬರು ಹೊತ್ತು ತಂದು ವೇದಿಕೆಯ ಮಧ್ಯೆ ನಿಲ್ಲಿಸಿದ್ದರು. ಬಣ್ಣದ ಕಂಪನಿಯ ಯಜಮಾನರು ಮಾತಾಡಿದರು. ಅವರಿಗೆ ಏಣಿಯ ವಿಷಯ ಯಾರೂ ಹೇಳಿಕೊಟ್ಟಿರಲಿಲ್ಲವೆಂದು ಕಾಣುತ್ತದೆ. ಈ ಡಾಕ್ಟರು ಪ್ರತಿಯೊಬ್ಬ ರೋಗಿಯನ್ನೂ ಮೆಟ್ಟಿಲು ಮೆಟ್ಟಿಲಾಗಿ ಮೇಲಕ್ಕೆ ಹತ್ತಿಸಿದ್ದಾರೆ, ಇನ್ನೂ ಅನೇಕರನ್ನು ತುತ್ತತುದಿಗೆ ಮುಟ್ಟಿಸಲಿ ಎಂದು ಹಾರೈಸಿದರು. ಮುಂದಿನ ಸಾಲಿನಲ್ಲಿ ಕೂತಿದ್ದ ರೋಗಿಗಳು ತುಟಿ ಕಚ್ಚಿಕೊಂಡರು. ಆಮೇಲೆ ಯಜಮಾನರು ಏಣಿಯ ಕಡೆ ತಿರುಗಿ ಹುಬ್ಬು ಗಂಟು ಹಾಕಿದರು. ಒಂಬತ್ತು ಮೆಟ್ಟಿಲು ಕನ್ನಡಿಯಂತೆ ಹೊಳೆಯುತ್ತಿದ್ದವು. ಮೂರನೆಯದರ ಮೇಲೆ ಮಾತ್ರ ದಿನವಿಡೀ ಬಿದ್ದ ಬೆರಳುಗಳಿಂದ ಬಣ್ಣ ಎದ್ದುಹೋಗಿ ಹಲಗೆ ಬತ್ತಲೆಯಾಗಿತ್ತು. ನಮ್ಮ ಬಣ್ಣ ಅಷ್ಟು ಕಳಪೆ ಅಲ್ಲ ಎಂದು ಅವರು ನಗೆಯಾಡಿದರು. ಸಭೆ ನಕ್ಕಿತು. ಅಷ್ಟು ಎದುರಿಗಿದ್ದದ್ದನ್ನು ಒಬ್ಬರೂ ನೋಡಲಿಲ್ಲ. ನೋಡಿದ್ದರೂ, ನೋಡಿ ಹೆಮ್ಮೆಪಟ್ಟಿದ್ದವನು ತಾನೇ ಅಲ್ಲವೆ ಎಂದು ಅವನು ಸುಮ್ಮನೆ ಕೂತ. ಅವನ ಕೈಗೆ ಹಿತ್ತಾಳೆಯ ಪುಟ್ಟ ಏಣಿಯೊಂದನ್ನು ಕೊಟ್ಟರು, ಹತ್ತು ಮೆಟ್ಟಿಲಿನದು, ತುದಿಯಲ್ಲಿ ಒಂದು ನಕ್ಷತ್ರ. ಮುಖ ಹೇಗಿಟ್ಟುಕೊಂಡಿದ್ದನೋ ಅವನಿಗೆ ನೆನಪಿಲ್ಲ. ವಾರದಿಂದ ಕಲಿತದ್ದೆಲ್ಲ ಮರೆತುಹೋಗಿತ್ತು. ಅಷ್ಟರಲ್ಲಿ ನಿರೂಪಕಿಗೆ ಒಂದು ಉತ್ಸಾಹ ಬಂತು. ಎಲ್ಲರ ಮನಸ್ಸನ್ನೂ ಅಳೆದ ಡಾಕ್ಟರ ಮನಸ್ಸು ಇವತ್ತು ಎಷ್ಟನೆಯ ಮೆಟ್ಟಿಲಲ್ಲಿದೆ, ಬೆರಳಿಟ್ಟು ತೋರಿಸಲಿ ಎಂದು ಮೈಕಿನಲ್ಲಿ ಕೂಗಿದಳು.

ಅವನು ಏಣಿಯ ಮುಂದೆ ನಿಂತ. ಇಷ್ಟು ವರ್ಷಗಳಲ್ಲಿ ಈ ಬದಿಗೆ ಅವನು ಒಮ್ಮೆಯೂ ನಿಂತಿರಲಿಲ್ಲ. ಇಲ್ಲಿಂದ ನೋಡಿದರೆ ಏಣಿ ಎಷ್ಟು ಎತ್ತರ ಎನ್ನಿಸಿತು. ಕೈ ತನ್ನಷ್ಟಕ್ಕೆ ಮೇಲೆದ್ದು ಒಂಬತ್ತರ ಹತ್ತಿರ ಹೋಯಿತು. ನಿಜವನ್ನು ಹೇಳಲು ಒಂದು ಬೆರಳು ಸಾಕು, ಭಾಷಣ ಬೇಕಿಲ್ಲ. ಬೆರಳಿಗೂ ಮೆಟ್ಟಿಲಿಗೂ ಒಂದು ಕೂದಲೆಳೆಯ ಅಂತರವಿದ್ದಾಗ ಯಾಕೋ ಸಭೆಯ ಕಡೆ ನೋಡಿದ. ಮುಂದಿನ ಸಾಲಿನಲ್ಲಿ ಅಕ್ಕ ನೆಟ್ಟಗೆ ಕೂತಿದ್ದಳು. ಅವಳ ಮುಖದಲ್ಲಿ ಗಾಬರಿ. ಬಲಗೈಯನ್ನು ಮಡಿಲಿನಿಂದ ಸ್ವಲ್ಪವೇ ಎತ್ತಿ, ಯಾರಿಗೂ ಕಾಣದಂತೆ, ಮೂರು ಬೆರಳು ತೋರಿಸಿದಳು. ತೋರುಬೆರಳಿನ ತುದಿ ಹಳದಿಯಾಗಿತ್ತು. ಮೈದಾನದಲ್ಲಿ ದಿಕ್ಕು ತಪ್ಪಿದ ಮಗುವಿಗೆ ಡ್ರಿಲ್ ಮೇಡಂ ಮಾಡುವ ಸನ್ನೆ. ಅವನು ಬಾಲ ಮುದುರಿದವನಂತೆ ಕೈಯನ್ನು ಇಳಿಸಿ ಮೂರನ್ನು ಮುಟ್ಟಿದ. ಸಭಾಂಗಣ ಹಾರಿಹೋಗುವಂತೆ ಚಪ್ಪಾಳೆ ಬಿತ್ತು. ಎಲ್ಲರಿಗಿಂತ ಜೋರಾಗಿ ತಟ್ಟಿದವರು ಮುಂದಿನ ಸಾಲಿನವರು. ಹೊಸಬ ಟೈಲರ್ ಅಂತೂ ಕೈಯನ್ನು ತಲೆಯ ಮೇಲೆತ್ತಿ ತಟ್ಟುತ್ತಿದ್ದ. ತಮ್ಮವನೇ ಒಬ್ಬ ಪರೀಕ್ಷೆಯಲ್ಲಿ ಪಾಸಾದಷ್ಟು ಸಂತೋಷ ಅವರಿಗೆ.

ಕಾರು ನಿಲ್ಲಿಸಿದ್ದ ಕಡೆ ಆಗ ಜನ ಇರಲಿಲ್ಲ. ಇನ್ನೂ ಬೆಳಕಿತ್ತು. ಅಕ್ಕ ಹಿತ್ತಾಳೆಯ ಏಣಿಯನ್ನು ಮಡಿಲಲ್ಲಿಟ್ಟುಕೊಂಡು ಕೂತಳು. ಒಳ್ಳೆ ಭಾರ ಇದೆ, ಬಾಗಿಲಿಗೆ ಒತ್ತು ಕೊಡೋಕಾಗತ್ತೆ ಎಂದಳು. ಅವನು ಕೀಲಿ ಹಾಕಿದ, ತಿರುಗಿಸಲಿಲ್ಲ. ಮೂರನೆಯ ಮೆಟ್ಟಿಲ ಅಂಚಿನಲ್ಲಿ ಉಳಿದಿದ್ದ ಬಣ್ಣ ಹತ್ತಿ ಹಳದಿಯಾದ ಬೆರಳನ್ನು ಸ್ಟಿಯರಿಂಗಿನ ಮೇಲಿಟ್ಟು ನೋಡುತ್ತ ಕೂತ. ಬೆಳಿಗ್ಗೆ ತಾನು ಅಡ್ಡಗೋಡೆಯ ಹಿಂದೆ ಇದ್ದೆ ಎಂದು ಹೇಳಿದ. ಅಕ್ಕ ಟೋಪಿಯನ್ನು ಕಿವಿಯ ಮೇಲೆ ಎಳೆದುಕೊಂಡಳು. ಆಮೇಲೆ, ತಲೆ ವಾಲಿಸಿದ್ದು ಸರಿಯಾಗಿ ಬಂತಾ ಎಂದು ಕೇಳಿದಳು. ಸರಿಯಾಗಿ ಬಂತು ಎಂದ. ಇಬ್ಬರೂ ನಕ್ಕರು. ಬಹಳ ದಿನಗಳ ಮೇಲೆ ಇಬ್ಬರೂ ಒಟ್ಟಿಗೆ ನಕ್ಕದ್ದು. ಆ ನಗು ಇರುವಾಗಲೇ ಕೇಳಿಬಿಡಬೇಕೆಂದು ಅವನು ಕೇಳಿದ.

"ಅಕ್ಕಾ, ನಿಜವಾಗ್ಲೂ ಎಷ್ಟು?"

ಅವಳು ಏಣಿಯನ್ನು ನೋಡಿದಳು. ತೋರುಬೆರಳನ್ನು ಕೆಳಗಿನ ಮೆಟ್ಟಿಲಿನಿಂದ ಒಂದೊಂದಾಗಿ ಮೇಲಕ್ಕೆ ಒಯ್ದಳು. ಮೂರು ದಾಟಿತು, ಆರು ದಾಟಿತು. ಹತ್ತರ ಮೇಲೂ ನಿಲ್ಲದೆ, ನಕ್ಷತ್ರವನ್ನೂ ದಾಟಿ, ಬೆರಳು ಬರಿಯ ಗಾಳಿಯಲ್ಲಿ ನಿಂತಿತು.

"ಇಲ್ಲಿ," ಎಂದಳು. "ಎಲ್ಲರ ಹತ್ರ ಹೇಳ್ತೀನಿ, ಸಾಯೋದಕ್ಕೆ ನನಗೆ ಭಯ ಇಲ್ಲ, ನೋವಿಗೆ ಮಾತ್ರ ಅಂತ. ಸುಳ್ಳು ಕಣೋ. ನೋವು ಹೆಂಗೋ ತಡ್ಕೋತೀನಿ. ಸಾಯೋದಕ್ಕೇ ಭಯ. ಬಚ್ಚಲುಮನೇಲಿ ನಲ್ಲಿ ಬಿಟ್ಟುಕೊಂಡು ಅಳ್ತೀನಿ, ನಿಮಗೆ ಕೇಳಬಾರ್ದು ಅಂತ."

ಇದು ಅವನಿಗೆ ಬೇಕಾಗಿದ್ದದ್ದು. ದಿನವಿಡೀ, ವರ್ಷವಿಡೀ ಯಾರೂ ಕೊಡದೇ ಇದ್ದದ್ದು ಈಗ ಎದುರಿಗೆ ಬೆರಳ ತುದಿಯಲ್ಲಿ ನಿಂತಿತ್ತು. ಆ ಬೆರಳನ್ನು ಹಿಡಿದುಕೊಳ್ಳಬೇಕು, ನನಗೂ ಭಯ ಕಣೇ ಎನ್ನಬೇಕು, ಏನೂ ತೋಚದಿದ್ದರೆ ಅವಳ ಕೈಯನ್ನು ಹತ್ತಿರ ತೆಗೆದುಕೊಂಡು ಸುಮ್ಮನೆ ಊದಬೇಕು ಎಂದೆಲ್ಲ ಅನ್ನಿಸಿತು. ಅನ್ನಿಸುತ್ತಿದ್ದಂತೆಯೇ ತನ್ನ ತಲೆ ಬಲಕ್ಕೆ ವಾಲುತ್ತಿರುವುದು ಅವನ ಗಮನಕ್ಕೆ ಬಂತು. ತಡೆಯಲು ನೋಡಿದ. ಕತ್ತು ಮಾತು ಕೇಳಲಿಲ್ಲ. ದನಿ ತಾನಾಗಿ ಇಳಿಯಿತು.

"ಹಾಗನ್ನಿಸೋದು ಸಹಜ ಅಕ್ಕಾ," ಎಂದ.

ಅಕ್ಕ ಅವನನ್ನೇ ನೋಡಿದಳು. ಅವಳ ಕಣ್ಣಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಅವನು ಬದುಕಿಕೊಳ್ಳುತ್ತಿದ್ದ. ಜಲ್ಲಿಯ ಮೇಲೆ ಬಿದ್ದು ಏನೂ ಆಗಿಲ್ಲ ಎಂದು ನಿಂತ ತಮ್ಮನನ್ನು ನೋಡಿದ ಹಾಗೆ ನೋಡಿದಳು. ಎಡಗೈಯಿಂದ ಅವನ ಕೆನ್ನೆಯನ್ನು ಮೆಲ್ಲಗೆ ತಟ್ಟಿ, ವಾಲಿದ್ದ ತಲೆಯನ್ನು ನೆಟ್ಟಗೆ ಮಾಡಿದಳು. ಗಾಳಿಯಲ್ಲಿದ್ದ ಬೆರಳನ್ನು ಇಳಿಸಿದಳು. ಅದು ನಕ್ಷತ್ರವನ್ನು ಮುಟ್ಟಿ, ಹಿತ್ತಾಳೆಯ ಮೆಟ್ಟಿಲುಗಳ ಮೇಲೆ ಉಗುರು ಟಕ್ ಟಕ್ ಎನ್ನುತ್ತ ಒಂದೊಂದಾಗಿ ಕೆಳಕ್ಕೆ ಬಂದು ನಿಂತಿತು.

"ಮೂರು," ಎಂದಳು. "ಹೊರಡು. ನೀನು ಮಧ್ಯಾಹ್ನ ಊಟಾನೂ ಮಾಡಿಲ್ಲ."

ಅವನು ಕೀಲಿ ತಿರುಗಿಸಿದ.